ಅಟ್ಟದ ಸೇರು, ಅಂಗನವಾಡಿಯ ತಕ್ಕಡಿ, ರಕ್ತದ ವರದಿ: ನಮ್ಮೂರ ಅಳತೆಯ ಚರಿತ್ರೆ

ಕಳೆದ ವರ್ಷ ಮಳೆಗಾಲ ಶುರುವಾಗುವ ಮೊದಲು ಮಾಡಿನ ಹಂಚು ಸರಿ ಮಾಡಿಸುವಾಗ ಅಟ್ಟದ ಮೂಲೆಯಲ್ಲಿ ಒಂದು ಕಬ್ಬಿಣದ ಸೇರು ಸಿಕ್ಕಿತು. ಪೂರ್ತಿ ತುಕ್ಕು ಹಿಡಿದಿತ್ತು. ಬಾಯಿಯ ಅಂಚಿನಲ್ಲಿ ಏನೋ ಮುದ್ರೆ ಒತ್ತಿದ ಗುರುತು. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು, ಒಳಗೆ ಬೆರಳು ಹಾಕಿ ತಳ ಮುಟ್ಟಿ ನೋಡಿದರು. "ಯಾಕಜ್ಜಿ?" ಎಂದು ಕೇಳಿದೆ. "ತಳ ಎತ್ತರಿಸಿದ್ದಾರಾ ಅಂತ ನೋಡುವುದು. ಅಭ್ಯಾಸ" ಎಂದರು.

ಅದೇ ವಾರ ಅಕ್ಕ ತನ್ನ ಮೂರು ವರ್ಷದ ಮಗಳನ್ನು ಅಂಗನವಾಡಿಗೆ ಕರೆದುಕೊಂಡು ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದಳು. ಹಿಂದಿನ ತಿಂಗಳು 11 ಕಿಲೋ 900 ಗ್ರಾಂ ಇದ್ದ ಮಗು ಈಗ 11 ಕಿಲೋ 400 ಗ್ರಾಂ. ಒಂದು ತಿಂಗಳಲ್ಲಿ ಅರ್ಧ ಕಿಲೋ ಇಳಿದದ್ದು ಹೇಗೆ? ಆ ರಾತ್ರಿ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಲಿಲ್ಲ. ಮರುದಿನ ಮತ್ತೆ ಹೋಗಿ ನೋಡಿದರೆ, ಖಾಲಿ ತಕ್ಕಡಿಯ ಮುಳ್ಳು ಸೊನ್ನೆಯಲ್ಲಿ ಇರಲೇ ಇಲ್ಲ. ಅರ್ಧ ಕಿಲೋ ಹಿಂದೆ ನಿಂತಿತ್ತು. ಮುಳ್ಳನ್ನು ಸರಿ ಮಾಡಿ ತೂಗಿದಾಗ ಮಗು ಮೊದಲಿನಷ್ಟೇ ಇತ್ತು.

ಅಜ್ಜಿ ಸೇರಿನ ತಳ ಮುಟ್ಟಿ ನೋಡಿದ್ದಕ್ಕೂ, ಅಕ್ಕ ತಕ್ಕಡಿಯ ಮುಳ್ಳು ನೋಡದೆ ಬಂದದ್ದಕ್ಕೂ ನಡುವೆ ಒಂದು ದೊಡ್ಡ ಕಥೆ ಇದೆ ಅಂತ ನನಗೆ ಅನ್ನಿಸಿತು. ಪುತ್ತೂರು, ಸುಳ್ಯ, ಕಡಬದ ಕಡೆಯ ನಾವು ಇನ್ನೂರು ವರ್ಷಗಳಲ್ಲಿ ಎಷ್ಟೋ ಬಗೆಯ ಅಳತೆಗಳನ್ನು ಕಂಡಿದ್ದೇವೆ. ಅಳತೆ ಎರಡೂ ಕಡೆಯವರ ಕಣ್ಣೆದುರು ನಡೆದಾಗಲೆಲ್ಲ ನಮಗೆ ನ್ಯಾಯ ಸಿಕ್ಕಿದೆ. ಒಂದೇ ಕಡೆಯವರ ಕೈಯಲ್ಲಿದ್ದಾಗಲೆಲ್ಲ ನಾವು ಕಳೆದುಕೊಂಡಿದ್ದೇವೆ. ಅಕ್ಕಿಯ ವಿಷಯದಲ್ಲಿ ನಿಜವಾದದ್ದು ರಕ್ತದ ವಿಷಯದಲ್ಲೂ ನಿಜ.

ಮುಡಿ, ಕಳಸೆ, ಸೇರು

ಈಗಿನ ಮಕ್ಕಳಿಗೆ ಮುಡಿ ಗೊತ್ತಿರುವುದು ದೇವಸ್ಥಾನದ ಹೊರೆಕಾಣಿಕೆಯಲ್ಲಿ ಮಾತ್ರ. ಬೈಹುಲ್ಲಿನಲ್ಲಿ ಅಕ್ಕಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಉರುಟಾಗಿ ಕಟ್ಟಿದ ಗಂಟು ಅದು. ಹಿಂದೆ ಅದು ಗಂಟೂ ಹೌದು, ಅಳತೆಯೂ ಹೌದು. ಮಂಗಳೂರು ಕಡೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸೆ, 3 ಕಳಸೆಗೆ ಒಂದು ಮುಡಿ. ಅಂದರೆ ಮುಡಿಗೆ 42 ಸೇರು. 80 ತೊಲೆಯ ಸೇರು ಎಂದು ಹಿಡಿದರೆ ಸುಮಾರು 39 ಕಿಲೋ.

ಗದ್ದೆಯನ್ನೂ ಮುಡಿಯಲ್ಲೇ ಹೇಳುತ್ತಿದ್ದರು. "ನಮ್ಮದು ಐದು ಮುಡಿ ಗದ್ದೆ" ಎಂದರೆ ಐದು ಮುಡಿ ಬೀಜ ಬಿತ್ತುವಷ್ಟು ಜಾಗ ಎಂದರ್ಥ. ಹೀಗೆ ಬೀಜದಿಂದ ನೆಲ ಅಳೆಯುವ ಪದ್ಧತಿ 1801ರಲ್ಲಿ ಈ ಕಡೆ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನ ಕಣ್ಣಿಗೂ ಬಿದ್ದಿತ್ತು. ಬಾವಿಯ ಆಳ ಕೋಲಿನಲ್ಲಿ, ಬಟ್ಟೆ ಮೊಳದಲ್ಲಿ, ಹಗ್ಗ ಮಾರಿನಲ್ಲಿ. ಅಳೆಯುವ ಉಪಕರಣ ನಮ್ಮ ಕೈಯೇ.

ಇದರಲ್ಲಿ ಒಂದು ಚಂದ ಇತ್ತು, ಒಂದು ತೊಂದರೆಯೂ ಇತ್ತು. ಮುಡಿಗೆ ಎಷ್ಟು ಸೇರು ಎಂಬುದು ಎಲ್ಲ ಕಡೆ ಒಂದೇ ಇರಲಿಲ್ಲ. ಸೇರು ಕೂಡ ತೂಕದ ಅಳತೆಯಲ್ಲ, ತುಂಬುವ ಅಳತೆ. ಅಕ್ಕಿಯನ್ನು ಗೋಪುರದ ಹಾಗೆ ತುಂಬಿಸಿದರೆ ಒಂದು ಲೆಕ್ಕ, ಅಂಗೈಯಲ್ಲಿ ತಲೆ ಸವರಿದರೆ ಇನ್ನೊಂದು ಲೆಕ್ಕ. ಪಾತ್ರೆಯನ್ನು ನೆಲಕ್ಕೆ ಕುಟ್ಟಿದರೆ ಒಳಗೆ ಇನ್ನೂ ಒಂದು ಹಿಡಿ ಹಿಡಿಸುತ್ತದೆ. ಹಸಿ ಭತ್ತ, ಒಣ ಭತ್ತ, ದಪ್ಪ ಅಕ್ಕಿ, ಸಣ್ಣ ಅಕ್ಕಿ ಎಲ್ಲದಕ್ಕೂ ಬೇರೆ ಬೇರೆ ತೂಕ. ಆದ್ದರಿಂದ ಪಾತ್ರೆ ಎಷ್ಟು ಮುಖ್ಯವೋ ಅಳೆಯುವ ಕೈಯೂ ಅಷ್ಟೇ ಮುಖ್ಯ.

ಆ ಕೈ ಯಾರದ್ದು? ಗೇಣಿ ಕೊಡುವ ದಿನ ಒಕ್ಕಲಿನವ ಭತ್ತ ಹೊತ್ತು ತರುತ್ತಾನೆ. ಅಳೆಯುವವನು ಧಣಿಯ ಕಡೆಯವನು. ಅಳೆಯುವಾಗ "ಒಂದು" ಎನ್ನುವ ಬದಲು "ಲಾಭ" ಎಂದು ಶುರು ಮಾಡುವುದು ಪದ್ಧತಿ. ಶುಭಕ್ಕಾಗಿ ಹಾಗೆ ಹೇಳುವುದು. ಆದರೆ ಲಾಭ ಯಾರಿಗೆ ಎಂದು ನಮ್ಮ ಕಡೆಯ ಹಿರಿಯರು ಈಗಲೂ ನಗಾಡುತ್ತಾರೆ. ಗೇಣಿ ತೆಗೆದುಕೊಳ್ಳುವ ಕಳಸೆ ದೊಡ್ಡದು, ಕೂಲಿ ಕೊಡುವ ಸೇರು ಸಣ್ಣದು ಎಂಬ ಮಾತು ನಾನು ಒಂದಲ್ಲ, ನಾಲ್ಕಾರು ಮನೆಗಳಲ್ಲಿ ಕೇಳಿದ್ದೇನೆ. ಅಜ್ಜಿಯ ಬೆರಳು ಸೇರಿನ ತಳ ಹುಡುಕಿದ್ದು ಈ ನೆನಪಿನಿಂದ.

ಭತ್ತ ಬೇಡ, ಹಣ ಕೊಡಿ

ಅಳತೆ ಬದಲಾದಾಗ ಊರಿಗೆ ಊರೇ ಎದ್ದು ನಿಂತ ಪ್ರಸಂಗವೂ ನಮ್ಮಲ್ಲೇ ನಡೆದಿದೆ. 1834ರಲ್ಲಿ ಕಂಪನಿ ಸರಕಾರ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿತು. ಅಲ್ಲಿಯವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಮತ್ತು ಪುತ್ತೂರು ಕಡೆಯ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಕೊಡಗಿನ ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡಬಹುದಿತ್ತು. ಕೆನರಾದ ಪದ್ಧತಿಯಲ್ಲಿ ನಗದೇ ಆಗಬೇಕು.

ಇದು ಸಣ್ಣ ವಿಷಯ ಎಂದು ಅನ್ನಿಸಬಹುದು. ಆದರೆ ಯೋಚಿಸಿ ನೋಡಿ. ಭತ್ತದಲ್ಲಿ ಕೊಡುವಾಗ ರೈತನಿಗೆ ತಾನು ಏನು ಕೊಟ್ಟೆ ಎಂದು ಗೊತ್ತು. ಮಳೆ ಚೆನ್ನಾಗಿದ್ದರೆ ಕಣದಲ್ಲಿ ರಾಶಿ ಇರುತ್ತದೆ, ಅದರಿಂದ ಅಳೆದು ಕೊಡುತ್ತಾನೆ. ಹಣದಲ್ಲಿ ಕೊಡಬೇಕಾದರೆ ಮೊದಲು ಭತ್ತ ಮಾರಬೇಕು. ಕೊಯ್ಲಿನ ಸಮಯದಲ್ಲಿ ಎಲ್ಲರೂ ಮಾರುವವರೇ, ಆದ್ದರಿಂದ ಬೆಲೆ ಕೆಳಗೆ. ಬೆಲೆ ಹೇಳುವವನು ವ್ಯಾಪಾರಿ, ಅಳೆಯುವವನೂ ಅವನೇ, ಸಾಲಬೇಕಾದರೆ ಸಾಲ ಕೊಡುವವನೂ ಅವನೇ. ಅಳತೆಗೋಲು ಭತ್ತದಿಂದ ರೂಪಾಯಿಗೆ ಬದಲಾದ ಕೂಡಲೇ ಅದು ರೈತನ ಕೈತಪ್ಪಿತು.

1837ರ ದಂಗೆಗೆ ಇದೊಂದೇ ಕಾರಣವಲ್ಲ. ಅರಸನನ್ನು ಇಳಿಸಿದ ಸಿಟ್ಟು, ಉಪ್ಪು ಮತ್ತು ಹೊಗೆಸೊಪ್ಪಿನ ಮೇಲಿನ ಸರಕಾರದ ಹಿಡಿತ ಎಲ್ಲವೂ ಸೇರಿತ್ತು. ಆದರೆ ನಗದು ಕಂದಾಯದ ಹೊರೆ ಮುಖ್ಯ ಕಾರಣಗಳಲ್ಲಿ ಒಂದು ಎಂಬುದರಲ್ಲಿ ಚರಿತ್ರೆಕಾರರಿಗೆ ಅನುಮಾನವಿಲ್ಲ. ಸುಳ್ಯದ ಕಡೆಯಿಂದ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ನೇತೃತ್ವದಲ್ಲಿ ಹೊರಟ ರೈತರ ದಂಡು ಆ ಏಪ್ರಿಲ್‌ನಲ್ಲಿ ಮಂಗಳೂರು ತಲುಪಿ ಕೆಲವು ದಿನ ಊರನ್ನೇ ಹಿಡಿದಿಟ್ಟುಕೊಂಡಿತು. ಬಾವುಟಗುಡ್ಡೆಯಲ್ಲಿ ಈಗ ರಾಮಯ್ಯ ಗೌಡರ ಪ್ರತಿಮೆ ಇದೆ. ಅಲ್ಲಿ ಹೋದಾಗ ಶೌರ್ಯದ ಜೊತೆಗೆ ಆ ಕಂದಾಯದ ಲೆಕ್ಕವನ್ನೂ ನೆನಪಿಸಿಕೊಳ್ಳಿ.

ಸೇರು ಹೋಗಿ ಕಿಲೋ ಬಂತು

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಪಕ್ಕದ ಕಾಸರಗೋಡು ಕೇರಳಕ್ಕೆ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೇಶಕ್ಕೆಲ್ಲ ಒಂದೇ ತೂಕ, ಒಂದೇ ಅಳತೆ ಎಂಬ ಕಾನೂನು ಆಯಿತು. 1957ರ ಏಪ್ರಿಲ್ 1ರಿಂದ ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯ ರೂಪಾಯಿ ಆಯಿತು. 1958ರ ಅಕ್ಟೋಬರ್‌ನಿಂದ ಕಿಲೋ ಬರತೊಡಗಿ, 1962ರ ಏಪ್ರಿಲ್ ಹೊತ್ತಿಗೆ ಅಂಗಡಿಯಲ್ಲಿ ತೂಕ ಕಿಲೋದಲ್ಲೇ ಇರಬೇಕು ಎಂದಾಯಿತು. 80 ತೊಲೆಯ ಸೇರು ಕಿಲೋದ ಎದುರು ಸುಮಾರು 933 ಗ್ರಾಂ.

ಈ ಬದಲಾವಣೆಯನ್ನು ಊರಿಗೆ ಹೊತ್ತು ತಂದದ್ದು ಬಹುಮಟ್ಟಿಗೆ ಶಾಲೆಯ ಮಕ್ಕಳು. ಅದಕ್ಕೆ ಮೊದಲು ಲೆಕ್ಕ ಎಂದರೆ ಕಾಲು, ಅರೆ, ಮುಕ್ಕಾಲಿನ ಮಗ್ಗಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದರೆ ಒಂದು ರೂಪಾಯಿಯಲ್ಲಿ 192 ಪೈ. ಇಂಥ ಲೆಕ್ಕದಲ್ಲಿ ಅಂಗಡಿಯವನಿಗೆ ಇದ್ದ ಚುರುಕು ಗಿರಾಕಿಗೆ ಇರುತ್ತಿರಲಿಲ್ಲ. ಕನ್ನಡದಲ್ಲಿ ಲೆಕ್ಕದ ಶಾಸ್ತ್ರ ಹಳೆಯದೇ. 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರ ಗಣಿತ' ಬರೆದಿದ್ದ. ಆದರೆ ಆ ವಿದ್ಯೆ ಶಾನುಭೋಗರು, ವ್ಯಾಪಾರಿಗಳ ಮನೆಗಳನ್ನು ದಾಟಿ ಎಲ್ಲರ ಮನೆಗೆ ಬರಲಿಲ್ಲ. ಹತ್ತರಿಂದ ಹತ್ತಕ್ಕೆ ಏರುವ ಹೊಸ ಲೆಕ್ಕ ನಾಲ್ಕನೇ ಕ್ಲಾಸಿನ ಮಗುವಿಗೂ ಬರುತ್ತಿತ್ತು. ಅಪ್ಪನ ಜೊತೆ ಸಂತೆಗೆ ಹೋದ ಮಗು ಚೀಟಿ ಓದಿ "ಇಷ್ಟಲ್ಲ, ಇಷ್ಟು" ಎಂದು ಹೇಳಬಲ್ಲದಾಯಿತು. ಅಳತೆಯ ವಿಷಯದಲ್ಲಿ ಶಿಕ್ಷಣ ಮಾಡಿದ ದೊಡ್ಡ ಕೆಲಸ ಇದು ಎಂದು ನನ್ನ ಅಭಿಪ್ರಾಯ.

ಬದಲಾವಣೆ ಪೂರ್ತಿ ಆಗಿಲ್ಲ. ಚಿನ್ನ ಇಂದಿಗೂ ಪವನು, ಅಂದರೆ 8 ಗ್ರಾಂ. ಜಾಗ ಇಂದಿಗೂ ಸೆಂಟ್ಸ್, ಎಕರೆಯ ನೂರನೇ ಒಂದು ಪಾಲು. ಇದು ಮದರಾಸು ಸರಕಾರ ಬಿಟ್ಟು ಹೋದ ಅಭ್ಯಾಸ. ಘಟ್ಟದ ಮೇಲೆ ಹೋದರೆ ಎಕರೆಗೆ 40 ಗುಂಟೆ. ಗುಂಟೆಯಲ್ಲಿ 1089 ಚದರ ಅಡಿ, ಸೆಂಟ್ಸಿನಲ್ಲಿ 435.6. ಹಾಸನದ ಕಡೆ ಹೆಣ್ಣು ಕೊಟ್ಟವರಿಗೆ ಈ ಗೊಂದಲ ಚೆನ್ನಾಗಿ ಗೊತ್ತು.

ಗೇಣಿಯ ಕಳಸೆಯ ಕಥೆ ಮುಗಿದದ್ದು ಮಾತ್ರ ಕಿಲೋದಿಂದಲ್ಲ, ಕಾನೂನಿನಿಂದ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಲ್ಲಿ ಗೇಣಿ ಪದ್ಧತಿಯೇ ಹೋಯಿತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಆ ಡಿಕ್ಲರೇಶನ್ ಕಾಗದವನ್ನು ಇನ್ನೂ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ಕಣ್ಣಿಗೆ ಕಾಣದ್ದನ್ನು ಅಳೆಯುವುದು

ಭತ್ತ ಕಣ್ಣಿಗೆ ಕಾಣುತ್ತದೆ. ಹಾಲಿನೊಳಗಿನ ಕೊಬ್ಬು ಕಾಣುವುದಿಲ್ಲ. ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೋಗುವವರಿಗೆ ಇದರ ಬಿಸಿ ಗೊತ್ತು. ಲೀಟರ್ ಒಂದೇ, ಆದರೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ದರ. 1890ರ ದಶಕದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ನಿಕೊಲಸ್ ಗರ್ಬರ್ ಒಂದು ವಿಧಾನ ಕಂಡುಹಿಡಿದ. ಹಾಲಿಗೆ ಆಸಿಡ್ ಹಾಕಿ, ಗಾಜಿನ ನಳಿಕೆಯಲ್ಲಿ ಗರಗರ ತಿರುಗಿಸಿದರೆ ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಅದನ್ನು ಗೀಟು ನೋಡಿ ಓದುವುದು. ಅನೇಕ ವರ್ಷ ನಮ್ಮ ಸೊಸೈಟಿಗಳಲ್ಲಿ ನಡೆದದ್ದು ಅದೇ. ಈಗ ಯಂತ್ರ ಕ್ಷಣದಲ್ಲಿ ಚೀಟಿ ಕೊಡುತ್ತದೆ. ನಳಿಕೆಯ ಗೀಟನ್ನು ನಾವೂ ಬಗ್ಗಿ ನೋಡಬಹುದಿತ್ತು. ಯಂತ್ರದ ಒಳಗೆ ನೋಡಲು ಆಗುವುದಿಲ್ಲ.

ಗೇರುಬೀಜದ ಕಥೆಯೂ ಹಾಗೇ. ಅಂಗಡಿಯಲ್ಲಿ ಡಬ್ಲ್ಯೂ-320 ಎಂದು ಬರೆದಿರುತ್ತದಲ್ಲ, ಅದರ ಅರ್ಥ ಒಂದು ಪೌಂಡಿಗೆ, ಅಂದರೆ ಸುಮಾರು 454 ಗ್ರಾಂಗೆ, 320ರವರೆಗೆ ಇಡೀ ಬೀಜ. ಡಬ್ಲ್ಯೂ-180 ಎಂದರೆ 180, ಆದ್ದರಿಂದ ಬೀಜ ದೊಡ್ಡದು, ದರ ಹೆಚ್ಚು. 1986ರಲ್ಲಿ ಪುತ್ತೂರಿನಲ್ಲಿ ಶುರುವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ, ಈಗಿನ ಗೇರು ಸಂಶೋಧನಾ ನಿರ್ದೇಶನಾಲಯ, ಮಾಡುವ ಕೆಲಸದ ಬುಡದಲ್ಲಿ ಇರುವುದೂ ಇದೇ. ಸಾವಿರಾರು ಮರಗಳ ಬೀಜವನ್ನು ವರ್ಷವರ್ಷ ತೂಗಿ, ಯಾವ ಮರದ ಕಸಿ ಕಟ್ಟಬೇಕು ಎಂದು ಆರಿಸುವುದು. ಜೀವಶಾಸ್ತ್ರ ಎಂದರೆ ಅರ್ಧ ಪಾಲು ಹೀಗೆ ಬೇಸರವಿಲ್ಲದೆ ಅಳೆಯುವುದು.

ಅಡಿಕೆ ತೋಟದವರಿಗೆ ಬೋರ್ಡೋ ಗೊತ್ತೇ ಇದೆ. ಕೊಳೆರೋಗಕ್ಕೆ ಈ ಮದ್ದನ್ನು ಬಳಸುವ ದಾರಿ ತೋರಿಸಿದವರಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೊದಲಿಗರು. 1910ರಲ್ಲೇ ಈ ರೋಗದ ಬಗ್ಗೆ ಅವರ ವರದಿ ಬಂತು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣ ಕಡಿಮೆಯಾದರೆ ಹಿಂಗಾರವೇ ಸುಟ್ಟು ಹೋದೀತು. ಆದ್ದರಿಂದ ಕತ್ತಿಯ ಅಲಗನ್ನು ಅದ್ದಿ ತೆಗೆದು ನೋಡುವುದು. ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಇದು ಅಪ್ಪಟ ರಸಾಯನಶಾಸ್ತ್ರ. ಪ್ರಯೋಗಾಲಯ ತೋಟದಲ್ಲೇ ಇದೆ, ಪರೀಕ್ಷೆ ಮಾಡುವವನು ಮದ್ದು ಬಿಡುವವನೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮಗುವಿನ ತೂಕ, ತಾಯಿಯ ರಕ್ತ

ಮನುಷ್ಯನ ಮೈಯನ್ನು ಅಳೆಯುವ ಪದ್ಧತಿ ಬಹಳ ಹಳೆಯದಲ್ಲ. ಕಂಕುಳಲ್ಲಿ ಇಡುವ ಗಿಡ್ಡ ಥರ್ಮಾಮೀಟರ್ ಬಂದದ್ದು 1860ರ ದಶಕದಲ್ಲಿ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವುದು 1896ರಲ್ಲಿ ಇಟಲಿಯಲ್ಲಿ ಶುರುವಾಯಿತು. 1905ರಲ್ಲಿ ರಷ್ಯಾದ ವೈದ್ಯ ಕೊರೊಟ್ಕಾಫ್ ಸ್ಟೆತಸ್ಕೋಪ್ ಇಟ್ಟು ಶಬ್ದ ಕೇಳುವ ವಿಧಾನ ಸೇರಿಸಿದ. ಅದಕ್ಕೆ ಮೊದಲು ಜ್ವರ ಎಂದರೆ ಹಣೆ ಮುಟ್ಟಿ ನೋಡುವುದೇ.

ಹಳ್ಳಿಯ ಮಕ್ಕಳನ್ನು ತಿಂಗಳು ತಿಂಗಳು ತೂಗುವ ಪದ್ಧತಿ ನಮ್ಮಲ್ಲಿ ವ್ಯಾಪಕವಾದದ್ದು ಅಂಗನವಾಡಿಯಿಂದ. ಐಸಿಡಿಎಸ್ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾಯಿತು. ದೇಶದ ಮೊದಲ 33 ಕಡೆಗಳಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ನಂತರ ನಮ್ಮ ತಾಲೂಕುಗಳಿಗೂ ಬಂತು.

ತೂಗಿದ ಮೇಲೆ ಯಾವುದಕ್ಕೆ ಹೋಲಿಸುವುದು? ಇಲ್ಲಿಯೂ ಕಳಸೆಯ ಪ್ರಶ್ನೆಯೇ ಬರುತ್ತದೆ. ಮೊದಲಿಗೆ ಹೋಲಿಸುತ್ತಿದ್ದದ್ದು ಅಮೆರಿಕದ ಬಾಸ್ಟನ್ ಪಟ್ಟಣದ ಮಕ್ಕಳ ಅಳತೆಗೆ. "ನಮ್ಮ ಮಕ್ಕಳು ಹುಟ್ಟಾ ಸಣ್ಣ, ಅವರ ಅಳತೆ ನಮಗೇಕೆ?" ಎಂಬ ವಾದ ಸಹಜವಾಗಿಯೇ ಎದ್ದಿತು. ಇದಕ್ಕೆ ಉತ್ತರ ಹುಡುಕಲು ವಿಶ್ವ ಆರೋಗ್ಯ ಸಂಸ್ಥೆ 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಿತು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತ. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ತಾಯಿಹಾಲು ಕುಡಿದ, ಹೊಟ್ಟೆ ತುಂಬ ಉಣ್ಣುವ, ಬೇಕಾದಾಗ ಮದ್ದು ಸಿಗುವ ಮಕ್ಕಳನ್ನೇ ಆರಿಸಿದ್ದರು. ಐದು ವರ್ಷದವರೆಗೆ ಎಲ್ಲ ದೇಶದ ಮಕ್ಕಳೂ ಹೆಚ್ಚು ಕಡಿಮೆ ಒಂದೇ ಹಾಗೆ ಬೆಳೆದರು. ಅಂದರೆ ನಮ್ಮ ಮಕ್ಕಳು ಸಣ್ಣಗಿರುವುದು ಜಾತಕದ ದೋಷವಲ್ಲ, ಊಟದ ಮತ್ತು ಆರೈಕೆಯ ವಿಷಯ. 2006ರಲ್ಲಿ ಬಂದ ಈ ಹೊಸ ಚಾರ್ಟನ್ನು ಭಾರತ 2008ರಲ್ಲಿ ಒಪ್ಪಿಕೊಂಡಿತು. ತಾಯಿ ಕಾರ್ಡಿನಲ್ಲಿ ಹಸಿರು, ಹಳದಿ ಪಟ್ಟಿಗಳಾಗಿ ಇರುವುದು ಅದೇ.

ಇನ್ನು ರಕ್ತ. ಬಸುರಿಯರ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದು ಲೆಕ್ಕ. ಹಿಂದೆ ಇದನ್ನು ನೋಡುತ್ತಿದ್ದದ್ದು ಸಾಹ್ಲಿ ಎಂಬ ಸ್ವಿಸ್ ವೈದ್ಯನ ವಿಧಾನದಲ್ಲಿ. ಬೆರಳು ಚುಚ್ಚಿ ತೆಗೆದ ರಕ್ತವನ್ನು ಆಸಿಡ್‌ಗೆ ಹಾಕಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪಕ್ಕದಲ್ಲಿರುವ ಗಾಜಿನ ಬಣ್ಣಕ್ಕೆ ಸರಿಹೊಂದುವವರೆಗೆ ಹನಿ ಹನಿ ನೀರು ಹಾಕುವುದು. ಮಳೆಗಾಲದ ಮೋಡದ ಬೆಳಕಿನಲ್ಲಿ ಒಬ್ಬರ ಕಣ್ಣಿಗೆ 10 ಕಂಡದ್ದು ಇನ್ನೊಬ್ಬರ ಕಣ್ಣಿಗೆ 11. ಒಂದು ಅಂಕಿಯ ವ್ಯತ್ಯಾಸದಲ್ಲಿ ಒಬ್ಬಳಿಗೆ ಕಬ್ಬಿಣದ ಮಾತ್ರೆಯ ಪ್ರಮಾಣ ಬದಲಾಗುತ್ತದೆ, ಹೆರಿಗೆ ಎಲ್ಲಿ ಎಂಬ ತೀರ್ಮಾನವೂ ಬದಲಾಗಬಹುದು. ಈಗ ಯಂತ್ರಗಳು ಬಂದಿವೆ. ಆದರೆ ಯಂತ್ರವನ್ನೂ ಆಗಾಗ ಪರೀಕ್ಷಿಸದಿದ್ದರೆ ಅದೂ ಮೋಡದ ದಿನದ ಕಣ್ಣೇ.

ಆಕಾಶದಿಂದ ಬಿದ್ದದ್ದರ ಅಳತೆ

ಈಗ ನಮ್ಮ ಸೀಮೆಯ ಅತ್ಯಂತ ಕಠಿಣ ಅಳತೆಯ ಕಥೆಗೆ ಬರೋಣ. ಪುತ್ತೂರು ತಾಲೂಕಿನ ಪಾಣಾಜೆ ದಾಟಿದರೆ ಕೇರಳದ ಎಣ್ಮಕಜೆ ಪಂಚಾಯತ್. ಸ್ವರ್ಗ, ವಾಣಿನಗರ, ಪಡ್ರೆ. ಕನ್ನಡ, ತುಳು ಮಾತಾಡುವ ನಮ್ಮವರೇ. ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಇತ್ತ ನಮ್ಮ ಜಿಲ್ಲೆಯಲ್ಲೂ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಅದೇ ಮದ್ದು ಬಿತ್ತು. ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ, ಈಗಿನ ಕಡಬ ತಾಲೂಕಿನ ಆಲಂಕಾರು ಇವೆಲ್ಲ ಆ ಹೆಸರಿನ ಜೊತೆ ಸೇರಿಹೋಗಿವೆ.

ಮೊದಲು ಲೆಕ್ಕ ಇಟ್ಟವರು ಯಾರು? ದೊಡ್ಡ ಸಂಸ್ಥೆಗಳಲ್ಲ. ಮುಂದೆ ಪುತ್ತೂರಿನ 'ಅಡಿಕೆ ಪತ್ರಿಕೆ'ಯ ಸಂಪಾದಕರಾದ ಶ್ರೀಪಡ್ರೆ 1980ರ ಆಸುಪಾಸಿನಲ್ಲೇ ಕರುಗಳು ಅಂಗ ಊನವಾಗಿ ಹುಟ್ಟುತ್ತಿರುವ ಬಗ್ಗೆ ಬರೆದರು. ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಒಂದು ವಿಚಿತ್ರ ಗಮನಿಸಿದರು. ಒಂದೇ ಹಳ್ಳದ ಬದಿಯ ಮನೆಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ, ಕ್ಯಾನ್ಸರ್ ಅತಿಯಾಗಿ ಕಾಣುತ್ತಿದ್ದವು. ಅವರು ಮನೆ ಮನೆಯ ಲೆಕ್ಕ ಮಾಡಿದರು. ವಿಜ್ಞಾನದ ಮೊದಲ ಮೆಟ್ಟಿಲು ಎಣಿಸುವುದು. ಅದು ಹಳ್ಳಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಡೆಯಿತು.

ಆದರೆ ಎಣಿಸಿದ್ದು ಸಾಕಾಗಲಿಲ್ಲ. "ರಕ್ತದಲ್ಲಿ ವಿಷ ಇದೆ ಎಂದು ತೋರಿಸಿ" ಎಂಬ ಮಾತು ಬಂತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯಿಂದ ನೀರು, ಮಣ್ಣು, ಹಾಲು, ರಕ್ತದ ಮಾದರಿ ಒಯ್ದು ಪರೀಕ್ಷಿಸಿ, ವಿಷದ ಅಂಶ ಇದೆ ಎಂದಿತು. ಅದೇ ವರ್ಷ ಪ್ಲಾಂಟೇಶನ್ ಕಾರ್ಪೊರೇಶನ್ ಕೆಲಸ ಒಪ್ಪಿಸಿದ ತಮಿಳುನಾಡಿನ ಒಂದು ಸಂಸ್ಥೆ ಇಲ್ಲ ಎಂದಿತು. ಒಂದೇ ಊರು, ಎರಡು ಪ್ರಯೋಗಾಲಯ, ಎರಡು ಉತ್ತರ. ಗೇಣಿ ಅಳೆಯುವ ದಿನ ಎರಡು ಕಳಸೆ ಎದುರಿಗೆ ಇಟ್ಟ ಹಾಗೆ.

ಆಗ ಬಂದದ್ದು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ. ಅವರು ಮಾಡಿದ ಮುಖ್ಯ ಕೆಲಸ, ಪಡ್ರೆಯನ್ನು ಮಾತ್ರ ನೋಡದೆ, ಸುಮಾರು 20 ಕಿಲೋಮೀಟರ್ ದೂರದ, ಹೆಲಿಕಾಪ್ಟರ್ ಮದ್ದು ಬೀಳದ ಊರಿನ ಮಕ್ಕಳನ್ನೂ ಅದೇ ರೀತಿ ಅಳೆದದ್ದು. ಹೋಲಿಕೆ ಇಲ್ಲದೆ ಅಳತೆಗೆ ಅರ್ಥವಿಲ್ಲ. 10ರಿಂದ 19 ವರ್ಷದ ಹುಡುಗರು, ಪಡ್ರೆಯ ಕಡೆ 117, ಇನ್ನೊಂದು ಕಡೆ 90. ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ, ಇನ್ನೊಂದು ಊರಿನಲ್ಲಿ 1.37 ಪಿಪಿಬಿ. ಅದೂ ಕೊನೆಯ ಸಿಂಪಡಣೆ ಮುಗಿದು ತಿಂಗಳುಗಳು ಕಳೆದ ಮೇಲೆ. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬ ಸೂಚನೆಯೂ ಸಿಕ್ಕಿತು. ಈ ಅಧ್ಯಯನ 2003ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಪಾಲು. ತೋಟದಲ್ಲಿ ಒಂದು ಲಕ್ಷ ಲೀಟರಿನ ಟ್ಯಾಂಕಿ ಇದೆ ಎಂದಿಟ್ಟುಕೊಳ್ಳಿ. ಅಂಥ ಹತ್ತು ಟ್ಯಾಂಕಿ ನೀರಿಗೆ ಒಂದು ಗ್ರಾಂ ಬೆರೆಸಿದರೆ ಒಂದು ಪಿಪಿಬಿ. ಕತ್ತಿಯ ಅಲಗು ಅದ್ದಿ ನೋಡಿದರೆ ಇದು ಕಾಣುವುದಿಲ್ಲ. ಬೋರ್ಡೋದಲ್ಲಿ ಅಳತೆ ನಮ್ಮ ಕೈಯಲ್ಲಿತ್ತು. ಇಲ್ಲಿ ಮದ್ದು ಬಿಟ್ಟವನು ಬೇರೆ, ಮೈಮೇಲೆ ಬಿದ್ದವನು ಬೇರೆ, ಅಳೆಯುವ ಯಂತ್ರ ಸಾವಿರ ಮೈಲು ದೂರ.

ಅಂಕಿ ಸಿಕ್ಕಿದ ಕೂಡಲೇ ವಾದ ಮುಗಿಯಲಿಲ್ಲ. ಸರಾಸರಿ ಅಂಕಿ ಒಂದು ಊರಿನ ಬಗ್ಗೆ ಹೇಳುತ್ತದೆಯೇ ಹೊರತು, ಇಂಥ ಮಗುವಿಗೆ ಇಂಥ ಕಾಯಿಲೆ ಇದರಿಂದಲೇ ಬಂತು ಎಂದು ಹೇಳುವುದಿಲ್ಲ. ಕೀಟನಾಶಕದ ಪರವಾಗಿದ್ದವರು ಇದನ್ನೇ ಹಿಡಿದು ಎಳೆದರು. ಆದರೂ ಆ ಅಂಕಿಗಳು ಇಲ್ಲದಿದ್ದರೆ ನಮ್ಮವರ ಮಾತು ಬರೀ ಗೋಳಾಗಿ ಉಳಿಯುತ್ತಿತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳಕ್ಕೆ ಹೇಳಿತು.

"ಎಷ್ಟು ಪರ್ಸೆಂಟ್?"

ಈಗ ನಮ್ಮ ಕಡೆಯ ಸಂತ್ರಸ್ತರ ಮನೆಗಳಲ್ಲಿ ಕೇಳುವ ಪ್ರಶ್ನೆ ಇದು. ಮಗುವಿಗೆ ಏನಾಗಿದೆ ಎಂದಲ್ಲ, ಎಷ್ಟು ಪರ್ಸೆಂಟ್ ಎಂದು. ವೈದ್ಯರು ಪರೀಕ್ಷಿಸಿ ಅಂಗವೈಕಲ್ಯವನ್ನು ಶೇಕಡಾದಲ್ಲಿ ಬರೆಯುತ್ತಾರೆ. ಮಾಸಾಶನ ಆ ಅಂಕಿಯ ಮೇಲೆ ನಿಂತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ 40 ಶೇಕಡಾ ಎಂಬ ಗೆರೆ ಇದೆ. ಗೆರೆಯ ಈಚೆ 39, ಆಚೆ 40.

ಗೆರೆ ಎಲ್ಲೋ ಎಳೆಯಲೇಬೇಕು, ಒಪ್ಪೋಣ. ಆದರೆ ಕೈಕಾಲಿನ ಊನವನ್ನು ಕೋನ ಹಿಡಿದು ಅಳೆಯಬಹುದು. ಬುದ್ಧಿಯ ಬೆಳವಣಿಗೆ, ಅಪಸ್ಮಾರದ ದಿನಗಳು, ರಾತ್ರಿಯಿಡೀ ಮಲಗದ ತಾಯಿಯ ದಣಿವು, ಇವನ್ನು ಒಂದು ಬೆಳಗ್ಗೆ ನಡೆಯುವ ಶಿಬಿರದಲ್ಲಿ ಅಳೆಯುವುದು ಹೇಗೆ? ಬುದ್ಧಿಮಟ್ಟದ ಪರೀಕ್ಷೆಯಲ್ಲಿ ಪ್ರಶ್ನೆ ಕೇಳುವವರು ಕನ್ನಡದಲ್ಲಿ ಕೇಳುತ್ತಾರೆ, ಮಗುವಿಗೆ ಗೊತ್ತಿರುವುದು ಮನೆಯ ತುಳುವೋ, ಅರೆಭಾಷೆಯೋ, ಬ್ಯಾರಿಯೋ ಆಗಿದ್ದರೆ? ಅಳತೆಗೋಲು ಸರಿ ಇದ್ದರೂ ಅಳೆದದ್ದು ಬೇರೆಯೇ ಆಗಿಬಿಡಬಹುದು. ಶಾಲೆಯ ಅಂಕಪಟ್ಟಿಗೂ ಈ ಮಾತು ಸಲ್ಲುತ್ತದೆ.

ಇದರಿಂದ ಅಳತೆಯೇ ಬೇಡ ಎನ್ನುವ ತೀರ್ಮಾನಕ್ಕೆ ಬರಬಾರದು. ಅಳತೆ ಇಲ್ಲದಿದ್ದರೆ ಉಳಿಯುವುದು ಧಣಿಯ ಬಾಯಿಮಾತು. ಬೇಕಾಗಿರುವುದು ಅಜ್ಜಿಯ ಬೆರಳು. ತಳ ಮುಟ್ಟಿ ನೋಡುವ ಅಭ್ಯಾಸ.

ಆ ಅಭ್ಯಾಸ ನಮ್ಮಲ್ಲಿ ಸತ್ತಿಲ್ಲ. ಸುಳ್ಯ, ಪುತ್ತೂರು ಕಡೆ ದಶಕಗಳಿಂದ ತಮ್ಮ ಅಂಗಳದಲ್ಲೇ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಮಿಲಿಮೀಟರ್ ಬರೆದಿಡುವ ಕೃಷಿಕರಿದ್ದಾರೆ. ಯಾರೂ ಹೇಳಿದ್ದಲ್ಲ, ಸಂಬಳವೂ ಇಲ್ಲ. ಅದೇ ಕಣ್ಣನ್ನು ಬೇರೆ ಕಡೆಯೂ ಇಡಬಹುದು. ಮಗುವನ್ನು ತೂಗುವ ಮೊದಲು ಖಾಲಿ ತಕ್ಕಡಿ ಸೊನ್ನೆ ತೋರಿಸುತ್ತದೆಯೇ ನೋಡಿ. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಸರಕಾರದ ಮುದ್ರೆ ಬೀಳಬೇಕು, ಇದೆಯೇ ಕೇಳಿ. ಬಿಪಿ ನೋಡಿಸುವ ಮೊದಲು ಐದು ನಿಮಿಷ ಸುಮ್ಮನೆ ಕೂತುಕೊಳ್ಳಿ, ಗುಡ್ಡ ಹತ್ತಿ ಬಂದ ಕೂಡಲೇ ನೋಡಿದರೆ ಅಂಕಿ ಹೆಚ್ಚು ಬರುತ್ತದೆ. ರಕ್ತದ ವರದಿ ಅನುಮಾನ ಹುಟ್ಟಿಸಿದರೆ ಹೆದರಿ ಕೂರಬೇಡಿ, ಮದ್ದನ್ನು ನೀವೇ ನಿಲ್ಲಿಸಲೂಬೇಡಿ, ಇನ್ನೊಮ್ಮೆ ಪರೀಕ್ಷೆ ಮಾಡಿಸೋಣವೇ ಎಂದು ವೈದ್ಯರನ್ನು ಕೇಳಿ. ಹಳೆಯ ವರದಿಗಳನ್ನು ಎಸೆಯಬೇಡಿ. ಶೇಕಡಾ ಬರೆಯುವ ವೈದ್ಯರಿಗೆ ಮಗುವಿನ ಮನೆಯ ದಿನಚರಿಯನ್ನು ಬರೆದು ತೋರಿಸಿ.

ಅಟ್ಟದಿಂದ ಇಳಿದ ಸೇರನ್ನು ಗುಜರಿಗೆ ಹಾಕೋಣ ಎಂದು ಅಣ್ಣ ಹೇಳಿದ್ದ. ಅಜ್ಜಿ ಬಿಡಲಿಲ್ಲ. ಈಗ ಅದು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಇದೆ. ಅಕ್ಕನ ಮಗಳು ಅದರಲ್ಲಿ ಮಣ್ಣು ತುಂಬಿಸಿ ಆಡುತ್ತಾಳೆ. ತುಂಬಿಸುವ ಮೊದಲು ತಲೆಕೆಳಗು ಮಾಡಿ ಒಮ್ಮೆ ಕುಟ್ಟುತ್ತಾಳೆ, ಒಳಗೆ ಏನೂ ಉಳಿದಿಲ್ಲ ಅಂತ ನೋಡಲು. ಅಜ್ಜಿ ಕಲಿಸಿದ್ದು.